ದೇಶಕ್ಕಿಂತ ಮೊದಲು ಹುಟ್ಟಿದ ಆರ್ಕೆಸ್ಟ್ರಾ

ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ಹೋಗುವ ರೈಲಿನಲ್ಲಿ ಎಡಗಡೆಯ ಕಿಟಕಿಯೇ ಹಿಡಿಯಬೇಕು. ಎಲ್ಬೆ ನದಿ ಗಡಿ ದಾಟಿದ ಮೇಲೂ ಜೊತೆ ಬಿಡುವುದಿಲ್ಲ. ಪ್ರಾಗ್ ಹತ್ತಿರವಾಗುತ್ತಿದ್ದ ಹಾಗೆ ಅದರ ಜಾಗದಲ್ಲಿ ವಲ್ತಾವಾ ಬಂತು. ಚೆಕ್ ಸಂಗೀತ ರಚನಕಾರ ಸ್ಮೆತಾನಾ ಸಂಗೀತಕ್ಕೆ ಇಳಿಸಿದ ನದಿ. ಕಿವಿ ಪೂರ್ತಿ ಹೋದ ಮೇಲೆ ಬರೆದದ್ದು ಎಂದು ನಾನು ಹೇಳುತ್ತಿದ್ದರೆ ನಮ್ಮ ಯಜಮಾನರು ಹೊರಗೆ ಇಣುಕಿ, “ನಂಜನಗೂಡಿನ ಕಪಿಲೆಗಿಂತ ಏನು ಹೆಚ್ಚು?” ಅಂದರು. ಅವರಿಗೆ ಪ್ರಾಗ್ ಅಂದರೆ ಕೋಟೆ ಮತ್ತು ಬಿಯರು. ಸಂಗೀತ ಕಚೇರಿಯ ಟಿಕೆಟ್ ತೆಗೆದದ್ದು ನನ್ನ ಹಟ.

ಹಳೇ ಪೇಟೆಯ ಚೌಕದಲ್ಲಿ ಕಾಲಿಟ್ಟರೆ ಸಾಕು, ಬಿಳಿ ವಿಗ್ಗು, ಜರಿಯ ಕೋಟು ತೊಟ್ಟ ಹುಡುಗರು ಕೈಗೆ ಕರಪತ್ರ ತುರುಕುತ್ತಾರೆ. ಇವತ್ತು ಸಂಜೆ ಚರ್ಚಿನಲ್ಲಿ ವಿವಾಲ್ಡಿ, ಮೊಜಾರ್ಟ್, ಒಂದೇ ಗಂಟೆ! ಹೋಗುವವರು ಹೋಗಲಿ. ಅಲ್ಲಿಂದ ನದಿಯ ಕಡೆಗೆ ಸ್ವಲ್ಪ ನಡೆದರೆ ರುಡಾಲ್ಫಿನಮ್ ಸಿಗುತ್ತದೆ, ಚೆಕ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾದ ಮನೆ. ಎದುರಿನ ಚೌಕಕ್ಕೆ ಯಾನ್ ಪಾಲಾಖ್ ಹೆಸರು. ಸೋವಿಯತ್ ಆಕ್ರಮಣವನ್ನು ಪ್ರತಿಭಟಿಸಿ 1969ರ ಜನವರಿಯಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ ವಿದ್ಯಾರ್ಥಿ ಆತ. ಅವನು ಓದುತ್ತಿದ್ದ ಕಾಲೇಜೂ ಆ ಚೌಕದಲ್ಲೇ ಇದೆ.

ರುಡಾಲ್ಫಿನಮ್ ಕಟ್ಟಿಸಿದ್ದು ಒಂದು ಉಳಿತಾಯ ಬ್ಯಾಂಕು. 1885ರಲ್ಲಿ ಬಾಗಿಲು ತೆರೆದಾಗ ಆಸ್ಟ್ರಿಯಾದ ಯುವರಾಜ ರುಡಾಲ್ಫನ ಹೆಸರಿಟ್ಟರು. ಆಳ್ವಿಕೆಯೆಲ್ಲ ವಿಯೆನ್ನಾದ್ದೇ ಆಗಿದ್ದ ಕಾಲ. ಚೆಕ್ ಫಿಲ್‌ಹಾರ್ಮೊನಿಕ್ ತನ್ನ ಹೆಸರಿನಲ್ಲಿ ಮೊದಲ ಕಚೇರಿ ನಡೆಸಿದ್ದು ಇಲ್ಲಿಯೇ, 1896ರ ಜನವರಿ 4ರಂದು; ವೃಂದವನ್ನು ನಡೆಸಲು ಕೈಯಲ್ಲಿ ಕೋಲು ಹಿಡಿದು ನಿಂತವನು ಸ್ವತಃ ಚೆಕ್ ಸಂಗೀತ ರಚನಕಾರ ಡ್ವೋರ್ಝಾಕ್. ಚೆಕೊಸ್ಲೊವಾಕಿಯಾ ಎಂಬ ದೇಶ ಹುಟ್ಟಲು ಆಗಿನ್ನೂ 22 ವರ್ಷ ಬಾಕಿ.

ರಾಷ್ಟ್ರದ ವಾದ್ಯವೃಂದ ಅಂದಕೂಡಲೇ ಯಾರೋ ದೊಡ್ಡವರು ಕನಸು ಕಂಡು ಕಟ್ಟಿದ್ದು ಅಂದುಕೊಳ್ಳುತ್ತೇವಲ್ಲ, ಇದು ಹಾಗಲ್ಲ. ರಾಷ್ಟ್ರೀಯ ರಂಗಮಂದಿರದ ಆಪೆರಾದಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವರು ತಮ್ಮ ಪಿಂಚಣಿಗೆ, ತಾವು ಸತ್ತರೆ ಹೆಂಡತಿ ಮಕ್ಕಳಿಗೆ ಆಗಲಿ ಎಂದು 1894ರಲ್ಲಿ ಮಾಡಿಕೊಂಡ ಸಂಘ ಇದರ ಮೂಲ. 1901ರಲ್ಲಿ ರಂಗಮಂದಿರದಲ್ಲಿ ಮುಷ್ಕರವಾಯಿತು. ಹೊರಬಿದ್ದ ವಾದಕರು ತಮ್ಮದೇ ಕಾಲ ಮೇಲೆ ನಿಂತರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಎಂಬ ವೃಂದಕ್ಕೆ ಕಷ್ಟಕಾಲದಲ್ಲಿ ನಮ್ಮ ಜಯಚಾಮರಾಜ ಒಡೆಯರ ಹಣ ಒದಗಿತು. ಇವರಿಗೆ ಅಂಥ ಮಹಾರಾಜರು ಯಾರೂ ಇರಲಿಲ್ಲ. ಸರ್ಕಾರ ಇವರನ್ನು ತನ್ನದಾಗಿಸಿಕೊಂಡದ್ದು 1945ರಲ್ಲಿ.

ಇನ್ನೊಂದು ತಮಾಷೆ ಇದೆ. ದೇಶ ಹುಟ್ಟಿದ ಮೇಲೆ ಸಂಸತ್ತಿಗೆ ಜಾಗ ಬೇಕಾಯಿತು. ಕಣ್ಣು ಬಿದ್ದದ್ದು ಈ ಕಟ್ಟಡದ ಮೇಲೆ! ಎರಡು ಮಹಾಯುದ್ಧಗಳ ನಡುವೆ ಇಲ್ಲಿ ಸಂಸದರು ಕೂತು ಭಾಷಣ ಬಿಗಿದರು, ವಾದಕರು ಬೇರೆ ಸಭಾಂಗಣ ನೋಡಿಕೊಂಡರು. ಇದನ್ನು ಮತ್ತೆ ಕಚೇರಿಯ ಮನೆ ಮಾಡಿದವರು ಊರು ಆಕ್ರಮಿಸಿದ್ದ ನಾಜಿಗಳು, ಅದೂ ತಮ್ಮ ಜರ್ಮನ್ ವೃಂದಕ್ಕಾಗಿ. ಯುದ್ಧ ಮುಗಿದ ಮೇಲೆಯೇ ಚೆಕ್ ಫಿಲ್‌ಹಾರ್ಮೊನಿಕ್‌ಗೆ ತನ್ನ ಮನೆ ದಕ್ಕಿದ್ದು.

ಕೋಟುಗಳನ್ನು ಕೆಳಗೆ ಒಪ್ಪಿಸಿ, ಚೀಟಿ ಇಸಿದುಕೊಂಡು ಮೇಲೆ ಹೋದೆವು. ಸುತ್ತ ಎತ್ತರದ ಕಂಬಗಳು, ವೇದಿಕೆಯ ಹಿಂದೆ ಆರ್ಗನ್ನಿನ ಕೊಳವೆಗಳ ಸಾಲು. ಅವತ್ತು ಡ್ವೋರ್ಝಾಕನ ‘ನ್ಯೂ ವರ್ಲ್ಡ್’ ಸಿಂಫನಿ. 1896ರ ಆ ಮೊದಲ ಕಚೇರಿಯಲ್ಲೂ ಇದೇ ನುಡಿಸಿದ್ದರು. ಎರಡನೆಯ ಭಾಗದಲ್ಲಿ ಇಂಗ್ಲಿಷ್ ಹಾರ್ನ್ ಎಂಬ ಊದುವ ವಾದ್ಯದ್ದೇ ಒಂದು ದೀರ್ಘ ಆಲಾಪ ಬರುತ್ತದೆ. ಅದನ್ನು ನುಡಿಸಬೇಕಾದ ಹೆಂಗಸು ಮೊದಲ ಭಾಗ ಮುಗಿಯುವ ಮೊದಲೇ ನಾಗಸ್ವರದವರ ಹಾಗೆ ರೀಡನ್ನು ತುಟಿಯಲ್ಲಿ ಒದ್ದೆ ಮಾಡುತ್ತ ಕೂತಿದ್ದರು. ಸರದಿ ಬಂದಾಗ ಪಿಟೀಲುಗಳೆಲ್ಲ ಸದ್ದು ಅಡಗಿಸುವ ಮ್ಯೂಟ್ ಹಾಕಿಕೊಂಡು ತಗ್ಗಿದವು. ಅಷ್ಟು ಜನ ಸೇರಿ ಅಷ್ಟು ಮೆಲ್ಲಗೆ ನುಡಿಸುವುದನ್ನು ನಾನು ರೆಕಾರ್ಡಿನಲ್ಲಿ ಕೇಳಿಯೇ ಇರಲಿಲ್ಲ. “ಭೇಷ್” ಬಾಯಿತನಕ ಬಂತು. ಇಲ್ಲಿ ಕೆಮ್ಮುವುದಕ್ಕೂ ಭಾಗ ಮುಗಿಯಬೇಕು, ನುಂಗಿಕೊಂಡೆ.

ನಮ್ಮ ಯಜಮಾನರ ಗಮನ ಬೇರೆ ಕಡೆ. ಆ ಎರಡನೆಯ ಭಾಗ ಬಿಟ್ಟರೆ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆಯ ತುತ್ತೂರಿಯವನಿಗೆ ಇಡೀ ಸಿಂಫನಿಯಲ್ಲಿ ಕೆಲಸವಿಲ್ಲ. ಕೊನೆಯ ಭಾಗದಲ್ಲಿ ದೊಡ್ಡ ತಾಳಕ್ಕೆ ಇರುವುದು ಒಂದೇ ಏಟು, ಅದೂ ಜೋರಾಗಿ ಅಲ್ಲ. ಹೊರಗೆ ಬಂದು ಅವರು ಕೇಳಿದ ಮೊದಲ ಪ್ರಶ್ನೆ, “ಅವರಿಗೂ ಪೂರ್ತಿ ಸಂಬಳಾನಾ?”

“ಏಟು ಎಣಿಸಿ ಕೊಡ್ತಾರೇನ್ರೀ?” ಅಂದೆ.

ಆದರೆ ಈ ವೃಂದದಲ್ಲಿ ಅತಿ ಹೆಚ್ಚು ಬೆಲೆ ತೆತ್ತವರು ಮುಂದೆ ನಿಂತು ನಡೆಸಿದವರು. 1919ರಿಂದ ಇದನ್ನು ತಿದ್ದಿ ತೀಡಿ ಲೋಕಪ್ರಸಿದ್ಧ ಮಾಡಿದ ವಾತ್ಸ್ಲಾವ್ ತಾಲಿಖ್, ನಾಜಿಗಳ ಕಾಲದಲ್ಲೂ ನುಡಿಸಿದನೆಂದು ಯುದ್ಧದ ನಂತರ ಜೈಲು ಕಂಡ. ಆರೋಪ ಬಿದ್ದುಹೋಯಿತು, ಆದರೂ ಕಮ್ಯುನಿಸ್ಟರು ಅವನನ್ನು ಪ್ರಾಗ್‌ನಲ್ಲಿ ನಿಲ್ಲಗೊಡಲಿಲ್ಲ. ರಾಫೆಲ್ ಕುಬೆಲಿಕ್ 1948ರಲ್ಲಿ ದೇಶ ಬಿಟ್ಟ. ಆಮೇಲೆ ಬಂದ ಕಾರೆಲ್ ಆಂಚೆರ್ಲ್ ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ನಿಂದ ಬದುಕಿ ಬಂದ ಯಹೂದಿ. ಹೆಂಡತಿ, ಮಗು ಅಲ್ಲಿಯೇ ಹತರಾದರು. 1968ರಲ್ಲಿ ರಷ್ಯನ್ ಟ್ಯಾಂಕುಗಳು ಬಂದ ಮೇಲೆ ಅವನೂ ಟೊರೊಂಟೊ ಸೇರಿದ. ಕೊನೆಗೆ 1989ರ ಡಿಸೆಂಬರ್‌ನಲ್ಲಿ, ಚಳವಳಿಯ ನಾಯಕ ಹಾವೆಲ್ ಇನ್ನೂ ದೇಶದ ಅಧ್ಯಕ್ಷನಾಗುವ ಮೊದಲು, ಇದೇ ವೃಂದ ಕಮ್ಯುನಿಸ್ಟ್ ಆಳ್ವಿಕೆಯ ವಿರುದ್ಧ ನಿಂತ ಚಳವಳಿಗಾರರ ಬೆಂಬಲಕ್ಕೆ ಬೇಥೋವನ್ನನ ಒಂಬತ್ತನೆಯ ಸಿಂಫನಿ ನುಡಿಸಿತು. ಮರುವರ್ಷ ಮೇ 12, ಸ್ಮೆತಾನಾ ಸತ್ತ ದಿನ, ‘ಪ್ರಾಗ್ ಸ್ಪ್ರಿಂಗ್’ ಸಂಗೀತೋತ್ಸವ ಶುರುವಾಗುವ ದಿನ. ಅವತ್ತು ಸ್ಮೆತಾನಾನ ‘ಮಾ ವ್ಲಾಸ್ತ್’ (ನನ್ನ ತಾಯ್ನಾಡು) ನಡೆಸಲು ಬಂದು ನಿಂತವನು ಕುಬೆಲಿಕ್. ನಡುವೆ 42 ವರ್ಷ ಕಳೆದಿದ್ದವು.

ಮರುದಿನ ಮೆಟ್ರೊ ಹಿಡಿದು ವಿಶೆಹ್ರಾದ್ ಗುಡ್ಡಕ್ಕೆ ಹೋದೆವು. ಅಲ್ಲಿನ ಸ್ಮಶಾನದಲ್ಲಿ ಸ್ಮೆತಾನಾ, ಡ್ವೋರ್ಝಾಕ್ ಇಬ್ಬರೂ ಇದ್ದಾರೆ. ಟೊರೊಂಟೊದಲ್ಲಿ ತೀರಿಕೊಂಡ ಆಂಚೆರ್ಲ್, ಸ್ವಿಟ್ಜರ್‌ಲೆಂಡಿನಲ್ಲಿ ತೀರಿಕೊಂಡ ಕುಬೆಲಿಕ್ ಕೂಡ ಅಲ್ಲಿಗೇ ಬಂದು ಸೇರಿದ್ದಾರೆ. ಅಲ್ಲಿಯವರೆಗೆ ಸುಮ್ಮನೆ ಹಿಂದೆ ಬರುತ್ತಿದ್ದ ನಮ್ಮ ಯಜಮಾನರು ತಟ್ಟನೆ, “ಆ ಜೈಲಿಗೆ ಹೋದವನು ಎಲ್ಲಿ?” ಅಂದರು. ತಾಲಿಖ್ ತೀರಿಕೊಂಡದ್ದು ಬೆರೌನ್‌ನಲ್ಲಿ, ಪ್ರಾಗ್‌ನ ಹೊರಗಿನ ಸಣ್ಣ ಊರು ಅಂದೆ. ಕೋಟೆಗೆ ಆಮೇಲೆ ಹೋದರಾಯಿತು ಎನ್ನುತ್ತ ಅವರು ಫೋನಿನಲ್ಲಿ ಬೆರೌನ್ ರೈಲಿನ ಸಮಯ ಹುಡುಕತೊಡಗಿದರು.