ತೇರು ಹೊಂಟಿತ್ತು, ಸರ್ವರ್ ನಿಂತಿತ್ತು

ಕೊಪ್ಪಳದಲ್ಲಿರುವ ನಮ್ಮ ಅಂಗಡಿಯ ಬೋರ್ಡಿನ ಮೇಲೆ ಈಗಲೂ ಫೋಟೋ ಸ್ಟುಡಿಯೋ ಅಂತಲೇ ಇದೆ. ಪಾಸ್‌ಪೋರ್ಟ್ ಫೋಟೋಕ್ಕೆ ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಮನೆ ನಡೆಸುತ್ತಿರುವುದು ಲೈವ್: ಮದುವೆ, ಪುರಾಣ, ಕುಸ್ತಿ, ಜಾತ್ರೆ. ಯೂಟ್ಯೂಬಿಗೆ ಬಿಟ್ಟರೆ ಮುಗೀತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಬಹಳ ಸಲ ಅಲ್ಲಿಗೇ ಬಿಡುತ್ತೇನೆ. ಆದರೆ ಇಬ್ಬರು ಕೇಬಲ್‌ನವರು ನಮ್ಮಿಂದ ಫೀಡ್ ತಗೊಳ್ಳುತ್ತಾರೆ, ಮದುವೆ ಮನೆಯವರಿಗೆ ಪಾಸ್‌ವರ್ಡ್ ಹಾಕಿದ ಲಿಂಕೇ ಬೇಕು. ಹಾಗಾಗಿ ಅಂಗಡಿಯ ಅಟ್ಟದ ಮೇಲೆ ಒಂದು ಪಿಸಿ, ಅದರಲ್ಲಿ ಉಬುಂಟು, ವಿಡಿಯೋ ಹಂಚಲು ಎನ್‌ಜಿನ್‌ಎಕ್ಸ್, ಅದನ್ನು ಬೇಕಾದ ರೂಪಕ್ಕೆ ತರಲು ಎಫ್‌ಎಫ್‌ಎಂಪೆಗ್. ಕಾರ್ಯಕ್ರಮದ ಊರಿಂದ ಎನ್‌ಕೋಡರ್, ಅಂದರೆ ಕ್ಯಾಮೆರಾದ ವಿಡಿಯೋವನ್ನು ಕುಗ್ಗಿಸಿ ಇಂಟರ್‌ನೆಟ್ಟಿಗೆ ಬಿಡುವ ಯಂತ್ರ, ಕಳಿಸುವ ವಿಡಿಯೋ ಪಿಸಿಯ 1935ನೇ ಪೋರ್ಟಿಗೆ (ಬಾಗಿಲಿಗೆ) ಬಂದು ಬೀಳುತ್ತದೆ. ಪಿಸಿ ಅದನ್ನು ನಾಲ್ಕು ನಾಲ್ಕು ಸೆಕೆಂಡಿನ ತುಣುಕು ಮಾಡಿ ಎಚ್‌ಎಲ್‌ಎಸ್ ರೂಪದಲ್ಲಿ, ಅಂದರೆ ತುಣುಕುಗಳು ಮತ್ತು ಅವುಗಳ ಪಟ್ಟಿಯಾಗಿ (ಪ್ಲೇಲಿಸ್ಟ್), ಹಂಚುತ್ತದೆ.

ಎರಡನೇ ಪಿಸಿ ಮೊದಲಿನಿಂದಲೂ ಇತ್ತು. ಡಬ್ಬಿಯಲ್ಲಿ. ಒಂದು ಕೆಟ್ಟರೆ ಇನ್ನೊಂದು ತೆಗೆದು ಜೋಡಿಸಿದರಾಯಿತು ಎಂದುಕೊಂಡಿದ್ದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಮುನಿರಾಬಾದಿನ ಗೆಳೆಯ ಬೆಳಗಿನ ಜಾವವೇ ವಿಡಿಯೋ ಕಳಿಸಿದ್ದ. ಆಮೇಲಿನ ಒಂದು ವಾರ ಇಡೀ ಜಿಲ್ಲೆಗೆ ಬೇರೆ ಮಾತಿರಲಿಲ್ಲ. ಗೇಟಿನ ಜಾಗದಲ್ಲಿ ನೀರು ತಡೆಯುವ ಸ್ಟಾಪ್ ಲಾಗ್ ತುಂಡುಗಳನ್ನು ಹೊಸದಾಗಿ ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು. ಅದನ್ನು ಮೊಬೈಲಿನಲ್ಲಿ ನೋಡುತ್ತಾ ಕೂತಾಗ ಕಣ್ಣು ಅಟ್ಟದ ಡಬ್ಬಿಯ ಕಡೆ ಹೋಯಿತು. ಹರಿಯುವ ತೇರಿನ ನಡುವೆ ಆ ಡಬ್ಬಿ ಬಿಚ್ಚಿ, ಮಾನಿಟರ್ ಹುಡುಕಿ, ಅಪ್‌ಡೇಟ್ ಮುಗಿಸಿ ಜೋಡಿಸುವವರು ಯಾರು?

ಅದೇ ತಿಂಗಳು ಎರಡನ್ನೂ ಒಟ್ಟಿಗೆ ಓಡಿಸಲು ಶುರು ಮಾಡಿದೆ. ಎನ್‌ಕೋಡರ್ ಒಂದೇ ವಿಡಿಯೋವನ್ನು ಎರಡೂ ಪಿಸಿಗೆ ಏಕಕಾಲಕ್ಕೆ ಕಳಿಸುತ್ತದೆ. ಕೀಪ್‌ಅಲೈವ್‌ಡಿ ಅನ್ನುವ ಪ್ರೋಗ್ರಾಂ ಎರಡರ ನಡುವೆ ಒಂದು ತೇಲುವ ಐಪಿ ವಿಳಾಸ ಇಟ್ಟುಕೊಳ್ಳುತ್ತದೆ. ನೋಡುವವರ ಕೋರಿಕೆ ಬರುವುದು ಆ ವಿಳಾಸಕ್ಕೆ. ಮೊದಲನೆಯದು ಸೆಕೆಂಡಿಗೊಮ್ಮೆ ‘ಇದೀನಿ, ಇದೀನಿ’ ಅನ್ನುತ್ತಿರುತ್ತದೆ. ಮೂರು ಸಲ ಕೇಳಿಸದಿದ್ದರೆ, ಇನ್ನೊಂದು ಚೂರು ಹೊತ್ತು ಕಾದು, ಎರಡನೆಯದು ಆ ವಿಳಾಸವನ್ನು ತಾನು ಹೊತ್ತುಕೊಳ್ಳುತ್ತದೆ. ನನ್ನ ಸೆಟ್ಟಿಂಗಿನಲ್ಲಿ ಒಟ್ಟು 3.6 ಸೆಕೆಂಡ್. ನೋಡುವವರ ಪ್ಲೇಯರ್ ಹತ್ತಿರ ಹೇಗೂ ಮೂರು ತುಣುಕು, ಅಂದರೆ 12 ಸೆಕೆಂಡ್ ದಾಸ್ತಾನು ಇರುತ್ತದೆ. ಪ್ಲಗ್ ಕಿತ್ತು ನೋಡಿದೆ, ವಿಡಿಯೋ ಅಲುಗಾಡಲಿಲ್ಲ. ಚಿಕ್ಕಪ್ಪನ ಮಗನನ್ನು ಕರೆದು ಅವನ ಕೈಯಿಂದ ಇನ್ನೊಮ್ಮೆ ಕೀಳಿಸಿದೆ. ಆ ರಾತ್ರಿ ಇಬ್ಬರೂ ಮಿರ್ಚಿ, ಮಂಡಕ್ಕಿ ತಿಂದು ಗೆದ್ದವರ ಹಾಗೆ ಮನೆಗೆ ಹೋದೆವು.

ಮುಂದಿನ ವರ್ಷ ಹತ್ತಿರದ ಒಂದು ಹಳ್ಳಿಯ ಜಾತ್ರೆ. ಸಂಜೆ ಐದೂವರೆ, ತೇರಿಗೆ ಉತ್ತತ್ತಿ, ಬಾಳೆಹಣ್ಣು ಹಾರುತ್ತಿವೆ. ನಾನು ಶಾಲೆಯ ಮಾಳಿಗೆಯ ಮೇಲೆ ಕ್ಯಾಮೆರಾ ಪಕ್ಕ ಇದ್ದೆ. ಮನೆಯಿಂದ ಅವ್ವನ ಫೋನು.

“ಯಾಕೋ ಯಪ್ಪಾ, ತೇರು ನಿಂತ್ಬಿಟ್ತೇನು? ಗಾಲಿ ಹುಗಿದೈತೇನು?”

ತೇರು ನನ್ನ ಕಣ್ಣೆದುರಿಗೇ ಹೊಂಟಿತ್ತು. ಲಿಂಕ್ ತೆರೆದು ನೋಡಿದರೆ ಗಾಲಿ ಅರ್ಧ ತಿರುಗಿದ ಜಾಗದಲ್ಲೇ ನಿಂತಿದೆ. ಒಬ್ಬನ ಕೈ ಗಾಳಿಯಲ್ಲಿದೆ, ಬಾಳೆಹಣ್ಣು ಇನ್ನೂ ಬೆರಳು ಬಿಟ್ಟಿಲ್ಲ. ಎಂಟು ನಿಮಿಷ ಹಾಗೇ ಇತ್ತು.

ಅಂಗಡಿಯಲ್ಲಿದ್ದ ತಮ್ಮನಿಗೆ ಫೋನ್ ಮಾಡಿದರೆ ಎರಡೂ ಪಿಸಿ ಚಾಲೂ ಇವೆ, ಹಸಿರು ಲೈಟು ಉರಿಯುತ್ತಿದೆ ಅಂದ. ನಿಜವೇ. ಮೊದಲನೆಯ ಪಿಸಿ ಬದುಕಿತ್ತು, ‘ಇದೀನಿ, ಇದೀನಿ’ ಅನ್ನುತ್ತಲೇ ಇತ್ತು. ಅದರ ಡಿಸ್ಕ್ ಮಾತ್ರ ತುಂಬಿಹೋಗಿತ್ತು. ಎರಡು ತಿಂಗಳ ಮದುವೆ ರೆಕಾರ್ಡಿಂಗು ನಾನು ಅಳಿಸಿರಲಿಲ್ಲ. 6 ಎಂಬಿಪಿಎಸ್ ವಿಡಿಯೋ ಗಂಟೆಗೆ 2.7 ಜಿಬಿ ತಿನ್ನುತ್ತದೆ, ನಮ್ಮ ಕಡೆ ಮದುವೆ ಎರಡು ದಿನ. ಹೊಸ ತುಣುಕು ಬರೆಯಲು ಜಾಗವಿಲ್ಲದೆ ಅದು ಹಳೆಯ ಪ್ಲೇಲಿಸ್ಟನ್ನೇ ಎಲ್ಲರಿಗೂ ಕೊಡುತ್ತಾ ಕೂತಿತ್ತು. ಪಕ್ಕದಲ್ಲಿ ಎರಡನೆಯದು ಅದೇ ತೇರನ್ನು ಚೆಂದಾಗಿ ತುಣುಕು ಮಾಡುತ್ತಾ, ಯಾರೂ ಕೇಳುವವರಿಲ್ಲದೆ ಸುಮ್ಮನಿತ್ತು. ಕೊನೆಗೆ ಫೋನಿನಲ್ಲಿ ಹೇಳಿ ಮೊದಲನೆಯದರ ಪ್ಲಗ್ಗೇ ಕೀಳಿಸಿದೆ. ತೇರು ಆಗಲೇ ಪಾದಗಟ್ಟೆ ಮುಟ್ಟಿ ಹೊಳ್ಳಿತ್ತು. ಜಾತ್ರೆ ಕಮಿಟಿಯವರು ಅರ್ಧ ದುಡ್ಡು ಹಿಡಿದುಕೊಂಡರು. ನಾನೂ ಜಗಳ ಮಾಡಲಿಲ್ಲ.

ಆವತ್ತಿನವರೆಗೆ ನಾನು ಪರೀಕ್ಷೆ ಮಾಡಿದ್ದು ಪಿಸಿ ಸತ್ತರೆ ಏನಾಗುತ್ತದೆ ಅಂತ. ಪಿಸಿಗಳು ಪೂರ್ತಿ ಸಾಯುವುದು ಅಪರೂಪ. ಹತ್ತು ವರ್ಷದಲ್ಲಿ ನಾನು ನೋಡಿದ್ದು ಒಂದೇ, ಅದೂ ಸಿಡಿಲಿಗೆ. ಉಳಿದಂತೆ ಅವು ಅರ್ಧ ಸತ್ತು ಕೂರುತ್ತವೆ. ಈಗ ಒಂದು ಚಿಕ್ಕ ಸ್ಕ್ರಿಪ್ಟ್ ಎರಡು ಸೆಕೆಂಡಿಗೊಮ್ಮೆ ಪ್ಲೇಲಿಸ್ಟ್ ಫೈಲು ಕೊನೆಗೆ ಬದಲಾದದ್ದು ಯಾವಾಗ ಎಂದು ನೋಡುತ್ತದೆ. ಎಂಟು ಸೆಕೆಂಡ್ ದಾಟಿದ್ದರೆ ತಪ್ಪು. ಎರಡು ಸಲ ತಪ್ಪಿದರೆ ಕೀಪ್‌ಅಲೈವ್‌ಡಿ ಮೊದಲನೆಯದನ್ನು ಕೆಳಗಿಳಿಸುತ್ತದೆ. ಲೆಕ್ಕ ಹಾಕಿದರೆ ಹನ್ನೆರಡು ಹದಿಮೂರು ಸೆಕೆಂಡ್, ಪ್ಲೇಯರಿನ ದಾಸ್ತಾನು ಮುಗಿಯುವುದೂ ಆಗಲೇ. ಒಂದೆರಡು ಸೆಕೆಂಡ್ ಚಕ್ರ ತಿರುಗಿದರೆ ತಿರುಗಲಿ. ಇನ್ನೂ ಚುರುಕು ಮಾಡಹೋದರೆ ಊರಿನ ಇಂಟರ್‌ನೆಟ್ ಒಮ್ಮೆ ತಡವರಿಸಿದ್ದಕ್ಕೂ ಎರಡೂ ಪಿಸಿ ಜವಾಬ್ದಾರಿಯನ್ನು ಚೆಂಡಿನಂತೆ ಎಸೆದಾಡತೊಡಗುತ್ತವೆ. ಮೊದಲನೆಯದು ಸುಧಾರಿಸಿಕೊಂಡ ಮೇಲೆ ತಾನಾಗಿ ಅಧಿಕಾರ ವಾಪಸ್ ಕೇಳದಂತೆಯೂ ಮಾಡಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ನಾನೇ ಕೊಡುತ್ತೇನೆ.

ಎರಡನೇ ಸಲದ ಎಡವಟ್ಟು ಇದಕ್ಕಿಂತ ವಿಚಿತ್ರ. ಇನ್ನೊಂದು ಊರಿನ ಉಚ್ಛಾಯ, ಅಂದರೆ ದೊಡ್ಡ ತೇರಿನ ಹಿಂದಿನ ದಿನ ಎಳೆಯುವ ಸಣ್ಣ ತೇರು. ಕೇಬಲ್‌ನವನ ಫೋನು: “ಅಣ್ಣಾರ, ನಿಮ್ಮ ಉಚ್ಛಾಯ ಮುಂದ ಹೋಗ್ತೈತಿ, ಮತ್ತ ಹಿಂದ ಬರ್ತೈತಿ. ಏನ್ರಿ ಇದು?”

ಅದರ ಹಿಂದಿನ ವಾರ ಎರಡೂ ಪಿಸಿಗೆ ಫೈರ್‌ವಾಲ್, ಅಂದರೆ ನಾನು ಬಿಟ್ಟದ್ದನ್ನು ಮಾತ್ರ ಒಳಗೆ ಬಿಡುವ ಕಾವಲು, ಹಾಕಿದ್ದೆ. ವಿಡಿಯೋದ ಪೋರ್ಟು, ವೆಬ್‌ನ ಪೋರ್ಟು ಎಲ್ಲ ತೆರೆದಿದ್ದೆ. ಆದರೆ ಆ ‘ಇದೀನಿ, ಇದೀನಿ’ ಅನ್ನುವ ಮಾತು ಪೋರ್ಟುಗಳ ಮೂಲಕ ಹೋಗುವ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ಅದು ವಿಆರ್‌ಆರ್‌ಪಿ, ಅದರದ್ದೇ ಬೇರೆ ಪ್ರೋಟೋಕಾಲ್, ಸಂಖ್ಯೆ 112. ಪೋರ್ಟೇ ಇಲ್ಲದ್ದನ್ನು ಪೋರ್ಟುಗಳ ಪಟ್ಟಿಯಲ್ಲಿ ಹುಡುಕಿದರೆ ಎಲ್ಲಿ ಸಿಕ್ಕೀತು? ಫೈರ್‌ವಾಲ್ ಅದನ್ನು ತಡೆಯಿತು. ಮೊದಲನೆಯದು ಮಾತಾಡುತ್ತಿಲ್ಲ ಎಂದುಕೊಂಡು ಎರಡನೆಯದೂ ಯಜಮಾನನಾಯಿತು. ಒಂದೇ ವಿಳಾಸಕ್ಕೆ ಇಬ್ಬರು. ರೌಟರ್ ಒಮ್ಮೆ ಇವನನ್ನು ಕೇಳುತ್ತದೆ, ಒಮ್ಮೆ ಅವನನ್ನು. ಹೆಸರು ಗೊತ್ತಿದ್ದವರು ಇದನ್ನು ಸ್ಪ್ಲಿಟ್ ಬ್ರೇನ್ ಅನ್ನುತ್ತಾರೆ. ನಮ್ಮ ಓಣಿಯಲ್ಲಾಗಿದ್ದರೆ ಅಣ್ಣತಮ್ಮಂದಿರ ಹೊಲದ ಪಹಣಿ ಅನ್ನುತ್ತಿದ್ದರು.

ಫೈರ್‌ವಾಲ್ ಸರಿ ಮಾಡುವುದು ಒಂದು ಸಾಲಿನ ಕೆಲಸ. ಆದರೆ ಉಚ್ಛಾಯ ಹಿಂದೆ ಬಂದದ್ದು ಬರೀ ಅದರಿಂದಲ್ಲ. ಪ್ರತಿ ತುಣುಕಿಗೂ ಪ್ಲೇಲಿಸ್ಟಿನಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ, ಅದು ಏರುತ್ತಲೇ ಹೋಗಬೇಕು. ಮಧ್ಯಾಹ್ನ ಎರಡನೆಯ ಪಿಸಿಯನ್ನು ನಾನು ಒಮ್ಮೆ ರೀಸ್ಟಾರ್ಟ್ ಮಾಡಿದ್ದೆ, ಅದು ಸೊನ್ನೆಯಿಂದ ಎಣಿಸಿಕೊಂಡು ಬಂದಿತ್ತು. ಒಂದರಲ್ಲಿ 1240 ನಡೆದಿದ್ದರೆ ಇನ್ನೊಂದರಲ್ಲಿ 310. ಕೆಲವು ಪ್ಲೇಯರುಗಳು ಸಂಖ್ಯೆ ಇಳಿದದ್ದು ಕಂಡು ನಿಂತೇಬಿಟ್ಟವು, ಕೆಲವು ಹಿಂದಕ್ಕೆ ಜಿಗಿದವು. ಅಂದರೆ ಫೈರ್‌ವಾಲ್ ಇಲ್ಲದಿದ್ದರೂ, ನಿಜವಾಗಿ ಒಂದು ಪಿಸಿ ಸತ್ತು ಇನ್ನೊಂದು ಎದ್ದಿದ್ದರೂ ಇದೇ ಗತಿ ಆಗುತ್ತಿತ್ತು. ಪ್ಲಗ್ ಕೀಳುವ ನಮ್ಮ ಪರೀಕ್ಷೆಯಲ್ಲಿ ಇದು ಸಿಗಲಿಲ್ಲ, ಯಾಕೆಂದರೆ ಆವತ್ತು ಎರಡನ್ನೂ ಒಟ್ಟಿಗೆ ಶುರು ಮಾಡಿದ್ದೆವು.

ನಾನು ಕಂಡುಕೊಂಡ ಉಪಾಯ ಸರಳ. ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. 1970ರಿಂದ ಕಂಪ್ಯೂಟರ್ ಗಡಿಯಾರ ಎಣಿಸಿದ ಸೆಕೆಂಡುಗಳನ್ನು ನಾಲ್ಕರಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಶುರು. ತುಣುಕು ನಾಲ್ಕು ಸೆಕೆಂಡಿನದು, ಹಾಗಾಗಿ ಯಾವ ಪಿಸಿ ಯಾವಾಗ ಎದ್ದರೂ ಇಬ್ಬರ ಎಣಿಕೆ ಒಂದೇ ಕಡೆ ಬಂದು ನಿಲ್ಲುತ್ತದೆ. ಎರಡರ ಗಡಿಯಾರವನ್ನೂ ಎನ್‌ಟಿಪಿಗೆ, ಅಂದರೆ ನೆಟ್‌ವರ್ಕಿನಿಂದ ಸರಿಯಾದ ಸಮಯ ಕೊಡುವ ವ್ಯವಸ್ಥೆಗೆ, ಕಟ್ಟಿದ್ದೇನೆ. ಒಂದಂಕಿ ಆಚೀಚೆ ಆದರೆ ಪ್ಲೇಯರ್ ಸಹಿಸಿಕೊಳ್ಳುತ್ತದೆ.

ಉಳಿದದ್ದು ಕರೆಂಟು. ಎರಡೂ ಪಿಸಿ ಒಂದೇ ಯುಪಿಎಸ್ ಮೇಲಿದ್ದವು. ಅದನ್ನು ತೋರಿಸಿಕೊಟ್ಟವನೂ ಚಿಕ್ಕಪ್ಪನ ಮಗನೇ: “ಅಣ್ಣಾ, ಇದು ಹ್ವಾದ್ರ ಎರಡೂ ಹೊಕ್ಕಾವಲ್ಲೋ.” ಹಾಗಾಗಿ ಗೋಡೆಗೆ ತೂತು ಕೊರೆದು, ಎರಡನೆಯದನ್ನು ಪಕ್ಕದ ಕಿರಾಣಿ ಅಂಗಡಿಯ ಕಾಕಾನ ಗೋದಾಮಿನಲ್ಲಿ, ಬೆಲ್ಲದ ಪೆಂಟಿಗಳ ಮೇಲಿನ ಹಲಗೆಯಲ್ಲಿಟ್ಟೆ. ಅವರ ಮೀಟರು ಬೇರೆ, ಕರೆಂಟಿಗೆ ತಿಂಗಳಿಗೆ ಮುನ್ನೂರು ರೂಪಾಯಿ ಅಂತ ಮಾತಾಯಿತು. ಮೊದಲ ರಾತ್ರಿಯೇ ಒಂಬತ್ತಕ್ಕೆ ಸರಿಯಾಗಿ ಎರಡನೆಯ ಪಿಸಿ ಮಾಯ. ಮರುದಿನವೂ ಒಂಬತ್ತಕ್ಕೇ. ಲಾಗ್ ಎಲ್ಲ ತಿರುವಿ ಹಾಕಿ, ಕೊನೆಗೆ ಕಾಕಾನನ್ನೇ ಕೇಳಿದೆ.

“ಮೇನ್ ಬಂದ್ ಮಾಡೇ ಬಾಗ್ಲಾ ಹಾಕೋದೋ ತಮ್ಮಾ. ನಮ್ಮಪ್ಪನ ಕಾಲದಿಂದ ರೂಢಿ ಐತಿ.”

ರೂಢಿ ಬಿಡಿಸಲು ಆಗಲಿಲ್ಲ. ಎಲೆಕ್ಟ್ರಿಶಿಯನ್‌ನ ಕರೆಸಿ, ಅವರ ಮೇನ್ ಸ್ವಿಚ್ಚಿಗಿಂತ ಮೊದಲೇ ಗೋದಾಮಿಗೆ ಬೇರೆ ಎಂಸಿಬಿ ಹಾಕಿಸಿದೆ. ಖರ್ಚು ನನ್ನದೇ. ಈಗ ಕಾಕಾ ರಾತ್ರಿ ಒಂಬತ್ತಕ್ಕೆ ಮೇನ್ ಬಂದ್ ಮಾಡಿ, ಬಾಗಿಲು ಹಾಕುವ ಮುಂಚೆ ಕತ್ತಲಲ್ಲಿ ಒಮ್ಮೆ ಬಗ್ಗಿ ನೋಡಿ, ಹಸಿರು ಲೈಟು ಕಂಡರೆ ನನ್ನ ಅಂಗಡಿಯ ಕಡೆ ತಿರುಗಿ “ಐತಿ” ಅಂತ ಕೂಗಿ ಹೋಗುತ್ತಾರೆ.