ಹೊಸ ಕೋಚ್‌ಗೆ ಸ್ವಲ್ಪ ಟೈಮ್ ಕೊಡೋಣ

ಕಳೆದ ಶನಿವಾರ ಕೊಡಗಿನ ಪೊನ್ನಂಪೇಟೆಯ ಟರ್ಫ್‌ನಲ್ಲಿ ನಮ್ಮ ಕಾಲೇಜಿನ ಹಾಕಿ ಟೀಮು 5-0ಯಿಂದ ಸೋತಿತು. ಅದರಲ್ಲಿ ಮೂರು ಗೋಲು, ನಮ್ಮವರು ಗೋಲಿನ ಹತ್ತಿರ ತಪ್ಪು ಮಾಡಿದಾಗ ಎದುರಾಳಿಗೆ ಸಿಗುವ ಪೆನಾಲ್ಟಿ ಕಾರ್ನರ್‌ನಿಂದ. ನಾನು ಅದೇ ಕಾಲೇಜಿಗೆ ಮೂರು ವರ್ಷ ಫುಲ್ ಬ್ಯಾಕ್ ಆಡಿದವನು, ಮಳೆಯಲ್ಲಿ ಕೊಡೆ ಹಿಡಿದು ನೋಡ್ತಾ ನೋಡ್ತಾ ಹೊಟ್ಟೆ ಉರಿಯಿತು. ಪಕ್ಕದಲ್ಲಿದ್ದ ನಮ್ಮ ಬ್ಯಾಚಿನವನು ಮೂರನೇ ಕ್ವಾರ್ಟರ್ ಮುಗಿಯುವಷ್ಟರಲ್ಲೇ "ಈ ಕೋಚ್ ಆಗಲ್ಲ ಮಾರಾಯ, ಬದಲಾಯಿಸ್ಬೇಕು" ಅಂದ. ನಾನೂ ಹೂಂ ಅಂದುಬಿಟ್ಟೆ.

ಹಾಗೆ ಅನ್ನಬಾರದಿತ್ತು. ಅವರು ಬಂದು ಇನ್ನೂ ಮೂರು ತಿಂಗಳು ಆಗಿಲ್ಲ. ಹಳೇ ಟೀಮಿನ ಏಳು ಜನ ಡಿಗ್ರಿ ಮುಗಿಸಿ ಹೋದರು, ಈಗ ಇರುವವರಲ್ಲಿ ಜಾಸ್ತಿ ಮೊದಲ ವರ್ಷದ ಹುಡುಗರು, ಊರಿನ ಮಣ್ಣಿನ ಮೈದಾನದಲ್ಲಿ ಆಡಿ ಬೆಳೆದವರು. ಮಣ್ಣಲ್ಲಿ ಚೆಂಡು ಪುಟಿಯುತ್ತೆ, ಕೈ ತಾನಾಗಿ ಸ್ಟಿಕ್ ಎತ್ತುತ್ತೆ. ಟರ್ಫ್‌ನಲ್ಲಿ ಅದು ನೆಲಕ್ಕೆ ಅಂಟಿಕೊಂಡೇ ಜಾರಿ ಬರುತ್ತೆ, ನೀರು ಬಿದ್ದಿದ್ದರೆ ಇನ್ನೂ ವೇಗ. ಎಂಟು ಹತ್ತು ವರ್ಷದ ಅಭ್ಯಾಸ ಮೂರು ತಿಂಗಳಲ್ಲಿ ಬಿಡುತ್ತಾ?

ಮನಸ್ಸು ತಡೆಯದೆ ಮಂಗಳವಾರ ಬೆಳಿಗ್ಗೆ ಪ್ರಾಕ್ಟೀಸ್ ನೋಡಲು ಹೋದೆ. ಆರು ಗಂಟೆ, ಮಂಜಿನಲ್ಲಿ ಆಚೆ ಗೋಲು ಕಾಣುತ್ತಿರಲಿಲ್ಲ. ಶನಿವಾರದ ಸೋಲಿನ ಬಗ್ಗೆ ಕೋಚ್ ಒಂದು ಮಾತೂ ಎತ್ತಲಿಲ್ಲ. ಗೋಲಿ ಸೇರಿ ಐದು ಜನರನ್ನು ಗೋಲ್ ಲೈನ್ ಹಿಂದೆ ನಿಲ್ಲಿಸಿ, ಪೆನಾಲ್ಟಿ ಕಾರ್ನರ್ ತಡೆಯೋದನ್ನೇ ಮಾಡಿಸಿದರು. ಶನಿವಾರ ಇಬ್ಬರು ಹುಡುಗರು ಒಂದೇ ದಾರಿಯಲ್ಲಿ ನುಗ್ಗಿ, ಇನ್ನೊಂದು ಕಡೆ ಪೂರ್ತಿ ಖಾಲಿ ಬಿಟ್ಟಿದ್ದರು. ಈಗ ಚೆಂಡು ಹೊಡೆಯುವವನ ಕಡೆಗೆ ಮೊದಲು ಓಡುವವನ ದಾರಿಗೆ ಸಾಲಾಗಿ ಕೋನ್ ಇಟ್ಟಿದ್ದರು. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್ ಕಟ್ಟಿದ ಆ ಹುಡುಗ ಇಪ್ಪತ್ತು ಸಲವಾದರೂ ಓಡಿರಬೇಕು. ಪ್ರತಿ ಸಲ ಕೋಚ್ ಅವನ ಜೊತೆ ನಡೆದುಕೊಂಡು ವಾಪಸ್ ಬಂದು, ಬಗ್ಗಿ, ಅವನ ಸ್ಟಿಕ್ ಹಿಡಿದು ನೆಲಕ್ಕೆ ತಾಗಿಸಿ "ಇಲ್ಲಿ, ಇಲ್ಲಿಂದ ಎತ್ತಬೇಡ" ಅನ್ನುತ್ತಿದ್ದರು. ಒಮ್ಮೆಯೂ ದನಿ ಏರಲಿಲ್ಲ. ಕೊನೆಗೆ ಒಂದು ಚೆಂಡು ಸ್ಟಿಕ್ಕಿಗೆ ಟಪ್ ಅಂತ ಬಿದ್ದು ಅಲ್ಲೇ ನಿಂತಿತು. ಹುಡುಗ ಮಾಸ್ಕ್ ತೆಗೆದು ಕೋಚ್ ಮುಖ ನೋಡಿದ.

ನಮಗೆ ಆತುರ ಯಾಕೆ ಅಂತ ಗೊತ್ತು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಟೀಮಿನ ಎಂ.ಎಂ. ಸೋಮಯ್ಯ ನಮ್ಮವರು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ಟೀಮುಗಳಿಂದ ಶುರುವಾದ ಕೊಡವ ಹಾಕಿ ಹಬ್ಬ ಈಗ ಎಷ್ಟು ದೊಡ್ಡದಾಗಿದೆ, ನೋಡಿ. ಮನೆಗೊಬ್ಬ ಆಟಗಾರ ಇರುವ ಊರಲ್ಲಿ ಸೋತರೆ ಯಾರಿಗೂ ನಿದ್ದೆ ಬರಲ್ಲ. ಆದರೆ ಕಾಫಿ ಗಿಡ ನೆಟ್ಟು ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯುವವರೂ ನಾವೇ ಅಲ್ವಾ?

ರಾತ್ರಿ ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಎಷ್ಟು ದಿನ ಕಾಯೋದು?" ಅಂದ.

"ಈ ಹುಡುಗರು ಕೊನೇ ವರ್ಷಕ್ಕೆ ಬರೋ ತನಕ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಾಳೆ ಪ್ರಾಕ್ಟೀಸ್ ಎಷ್ಟು ಗಂಟೆಗೆ ಅಂತ ಕೇಳಿದ.