ಕ್ರಿಸ್ಮಸ್ ಸಾಕ್ಸ್ ತುಂಬಿಸೋಕೆ ತಲೆಗೆ ನೂರೈವತ್ತು ರೂಪಾಯಿ: ಚಿಕ್ಕಮಗಳೂರಿನ ಲೆಕ್ಕ

ಮನೆಯವರಿಗೆಲ್ಲ ಒಂದೊಂದು ಸಾಕ್ಸ್ ತುಂಬಿಸಿ ತೂಗುಹಾಕುವ ರೂಢಿ ಇಟ್ಟುಕೊಂಡವರಿಗೆ ಖರ್ಚು ಕೈಮೀರುವ ಮೊದಲ ಜಾಗ ಸಾಕ್ಸಿನ ಅಳತೆ. ಡಿಸೆಂಬರ್ ಬಂತೆಂದರೆ ಫ್ಯಾನ್ಸಿ ಅಂಗಡಿಗಳಲ್ಲಿ ತೂಗುವ ಕೆಂಪು-ಬಿಳಿ ಸಾಕ್ಸುಗಳು ಒಂದೂವರೆ ಅಡಿ ಉದ್ದ ಇರುತ್ತವೆ. ನೋಡೋಕೆ ಚೆಂದ, ಆದರೆ ಹಾಕಿದ್ದೆಲ್ಲ ಪಾದದೊಳಗೆ ಇಳಿದು ಮೇಲರ್ಧ ಜೋಲುಬೀಳುತ್ತದೆ. ಅದನ್ನು ನೋಡಿ ಇನ್ನೆರಡು ಸಾಮಾನು ತರೋಣ ಅನಿಸುತ್ತದೆ, ಆರು ಜನರ ಮನೆಯಲ್ಲಿ ಆ ಎರಡೇ ಹನ್ನೆರಡಾಗುತ್ತವೆ. ಹಾಗಾಗಿ ಮೊದಲು ಸಾಕ್ಸ್ ಗೊತ್ತುಮಾಡಿ, ಆಮೇಲೆ ಪಟ್ಟಿ ಬರೆಯಿರಿ.

ಎಲ್ಲಕ್ಕಿಂತ ಅಗ್ಗದ ದಾರಿ, ಹಾಕಿಕೊಳ್ಳುವ ಸಾಕ್ಸನ್ನೇ ಕೊಳ್ಳುವುದು. ಒಂದು ಜೊತೆಯಲ್ಲಿ ಒಂದನ್ನು ತೂಗುಹಾಕಿ, ಇನ್ನೊಂದನ್ನು ಸುರುಳಿ ಸುತ್ತಿ ಒಳಗಿಡಿ. ಚೀಲವೂ ಆಯ್ತು, ಉಡುಗೊರೆಯೂ ಆಯ್ತು. ನಮ್ಮೂರ ಚಳಿಗೆ ಜನವರಿ ಮುಗಿಯುವವರೆಗೆ ಕಾಲಿಗೆ ಬೇಕೇ ಬೇಕು. ದಪ್ಪ ಹತ್ತಿಯದ್ದೋ ಉಲ್ಲನ್ನಿನದೋ ಆಗಲಿ, ಮೀನಖಂಡದ ಅರ್ಧದವರೆಗೆ ಬರುವ ಉದ್ದ ಸಾಕು. ಮೊಣಕಾಲುದ್ದದ ಫುಟ್‌ಬಾಲ್ ಸಾಕ್ಸ್ ಬೇಡ. ಅದರ ಹೆಣಿಗೆ ಎಳೆದಷ್ಟೂ ಹಿಗ್ಗುತ್ತದೆ, ಮುನ್ನೂರು ಗ್ರಾಂ ಬಿದ್ದರೆ ಜಗ್ಗಿ ನೆಲ ಮುಟ್ಟುತ್ತದೆ, ಆಮೇಲೆ ಕಾಲಿಗೂ ಬರುವುದಿಲ್ಲ.

ವರ್ಷ ವರ್ಷ ಬಳಸುವಂಥದ್ದು ಬೇಕೆಂದರೆ ಹೊಲಿಯಿರಿ. ಎತ್ತರ 32 ಸೆಂ.ಮೀ., ಬಾಯಿಯ ಅಗಲ 13, ಪಾದದ ಉದ್ದ 20 ಇರುವಂತೆ ಹಳೆಯ ಪತ್ರಿಕೆಯಲ್ಲಿ ಪಡಿಯಚ್ಚು ಕತ್ತರಿಸಿ, ಸುತ್ತಲೂ 1 ಸೆಂ.ಮೀ. ಹೊಲಿಗೆಗೆ ಬಿಡಿ. 44 ಇಂಚು ಪನ್ನದ (ಅಗಲದ) ಒಂದು ಮೀಟರ್ ಬಟ್ಟೆಯಲ್ಲಿ ನಾಲ್ಕು ಸಾಕ್ಸ್ ಧಾರಾಳವಾಗಿ ಬರುತ್ತವೆ, ಒತ್ತೊತ್ತಾಗಿ ಇಟ್ಟು ಕತ್ತರಿಸಿದರೆ ಐದು. ಇದರಲ್ಲಿ ಮೂರು ಕಡೆ ಎಡವುತ್ತಾರೆ. ಎರಡು ತುಂಡನ್ನು ಬೇರೆ ಬೇರೆ ಕತ್ತರಿಸಿ ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿಬಿಡುತ್ತವೆ. ಬಟ್ಟೆಯ ಒಳ್ಳೆ ಮೈ ಒಳಗೆ ಬರುವಂತೆ ಮಡಚಿ ಒಂದೇ ಸಲ ಕತ್ತರಿಸಿದರೆ ಈ ತಾಪತ್ರಯ ಇಲ್ಲ. ಕಾಲು ಪಾದಕ್ಕೆ ತಿರುಗುವ ಒಳಬಾಗಿನಲ್ಲಿ ಹೊಲಿಗೆಯ ದಾರ ಮುಟ್ಟದಂತೆ ನಾಲ್ಕೈದು ಸಣ್ಣ ಕಚ್ಚು ಹಾಕದಿದ್ದರೆ ತಿರುಗಿಸಿದಾಗ ಅಲ್ಲಿ ನೆರಿಗೆ ಬೀಳುತ್ತದೆ. ತೂಗುಹಾಕುವ ಕುಣಿಕೆಯನ್ನು ಹಿಮ್ಮಡಿ ಕಡೆಯ ಅಂಚಿನಲ್ಲಿ, ಹೊಲಿಗೆಯೊಳಗೇ ಸೇರಿಸಿ ಎರಡು ಸಲ ಹೊಲಿಯಬೇಕು. ಬಾಯಿಯ ಮುಂಭಾಗದಲ್ಲಿ ಇಟ್ಟರೆ ಸಾಕ್ಸ್ ವಾಲಿ ಮೇಲಿನ ಸಾಮಾನು ಕೆಳಗೆ ಬೀಳುತ್ತದೆ.

ಇನ್ನು ಒಳಗೆ ಏನು? ತುದಿಗೆ ಕಿತ್ತಳೆ. 4ನೇ ಶತಮಾನದ ಮೈರಾದ ಬಿಷಪ್ ಸಂತ ನಿಕೋಲಾಸ್ ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಕದ್ದು ಚಿನ್ನ ಎಸೆದು ಹೋದರೆಂಬ ಕಥೆಯಿದೆ. ಕಿತ್ತಳೆ ಆ ಚಿನ್ನದ ಗಟ್ಟಿಯ ಜಾಗದಲ್ಲಿ ಬಂದದ್ದು ಅನ್ನುತ್ತಾರೆ. ಕಥೆ ಹೇಗೇ ಇರಲಿ, ಡಿಸೆಂಬರ್ ಇಲ್ಲಿ ಕಿತ್ತಳೆಯ ಕಾಲ. ಕಾಫಿ ತೋಟದ ನಡುವೆ ಬೆಳೆದ ನಾಡ ಕಿತ್ತಳೆ ಸಿಕ್ಕರೆ ಬಿಡಬೇಡಿ, ಸಿಪ್ಪೆ ಹಸಿರು ಹಳದಿ ಬೆರೆತಿದ್ದರೂ ಒಳಗೆ ಹುಳಿಸಿಹಿ ಸರಿಯಾಗಿರುತ್ತದೆ. ಸಿಗದಿದ್ದರೆ ನಾಗಪುರದ್ದಾದರೂ ಆಯ್ತು. ಮಧ್ಯಮ ಗಾತ್ರದ ಗಟ್ಟಿ ಹಣ್ಣನ್ನೇ ಆರಿಸಿ. ಸಿಪ್ಪೆ ಬುರ್ರನೆ ಉಬ್ಬಿದ ಹಣ್ಣು ಮೇಲಿನ ಸಾಮಾನಿನ ಭಾರಕ್ಕೆ ಒಡೆದು ರಸ ಕಾರಿ ಸಾಕ್ಸಿಗೆ ಕಲೆ ಮಾಡುತ್ತದೆ.

ದೊಡ್ಡವರಿಗೆ ನಮ್ಮ ಜಿಲ್ಲೆಯಲ್ಲಿ ಕಾಫಿಪುಡಿಯಷ್ಟು ಸುಲಭದ್ದು ಇನ್ನೊಂದಿಲ್ಲ. ಪುಡಿ ಮಾಡುವ ಅಂಗಡಿಗೇ ಹೋಗಿ 50 ಗ್ರಾಂ ಪೊಟ್ಟಣ ಕಟ್ಟಿಸಿ. ಅಪ್ಪನಿಗೆ ಚಿಕೋರಿ ಇಲ್ಲದ ಅರೇಬಿಕಾ, ಅಜ್ಜನಿಗೆ ಅವರ ನಾಲಿಗೆಗೆ ಒಗ್ಗಿದ 80-20 (80 ಪಾಲು ಕಾಫಿ, 20 ಪಾಲು ಚಿಕೋರಿ). ಆಗಷ್ಟೇ ಹುರಿದ ಕಾಫಿಯಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಲೇ ಇರುತ್ತದೆ. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲ್ ಮಾಡಿದರೆ ಕವರ್ ಊದಿ, ಒತ್ತಿದಾಗ ಬಾಯಿ ಬಿಡುತ್ತದೆ. ಒಂದು ದಿನ ಬಿಟ್ಟು ಸೀಲ್ ಮಾಡಿಸಿ. ಅದನ್ನು ಚಾಕೊಲೇಟ್ ಪಕ್ಕ ಹಾಗೇ ಇಡಬೇಡಿ, ಇನ್ನೊಂದು ಕವರ್ ಹಾಕಿ. ಇಲ್ಲವಾದರೆ ಬೆಳಿಗ್ಗೆ ಸಾಕ್ಸಿನೊಳಗಿರುವುದೆಲ್ಲ ಕಾಫಿ ವಾಸನೆ ಹೊಡೆಯುತ್ತದೆ. ಅಡುಗೆ ಪ್ರೀತಿಯ ಅತ್ತೆಗೋ ಚಿಕ್ಕಮ್ಮನಿಗೋ ಬೇರೆ ಊರಿಗೆ ಮದುವೆಯಾಗಿ ಹೋದ ಅಕ್ಕನಿಗೋ 50 ಗ್ರಾಂ ಕಾಳುಮೆಣಸು ಕೊಡಿ, ಏಲಕ್ಕಿಯಾದರೆ 10 ಗ್ರಾಂ ಸಾಕು. ಎರಡನ್ನೂ ಸಣ್ಣ ಗಾಜಿನ ಬಾಟಲಿಗೆ ತುಂಬಿಸಿದರೆ ಅಂದ ಬರುತ್ತದೆ. ಬಾಟಲಿ ಹೊಸದು ಕೊಳ್ಳಬೇಕಿಲ್ಲ, ಜಾಮ್ ಬಾಟಲಿ ತೊಳೆದು ಬಿಸಿಲಿಗೆ ಒಣಗಿಸಿದರಾಯಿತು. ಆದರೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಚಾಕೊಲೇಟಿಗೆ ಅಂಗಡಿಯ ಡಬ್ಬಿ ಬೇಡ, ಮನೆಯಲ್ಲೇ ಮಾಡಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ 500 ಗ್ರಾಂ ಡಾರ್ಕ್ ಕಾಂಪೌಂಡ್ ಸ್ಲ್ಯಾಬ್ ಸಿಗುತ್ತದೆ, 10 ಗ್ರಾಂ ಅಚ್ಚಿನಲ್ಲಿ ಐವತ್ತು ತುಂಡು. ಕಾಂಪೌಂಡಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ಕರಗಿಸಿ ಸುರಿದರೆ ಸಾಕು, ತಾಪಮಾನ ಏರಿಸಿ ಇಳಿಸುವ ಕಸರತ್ತು ಬೇಕಿಲ್ಲ. ಸಣ್ಣಗೆ ಹೆಚ್ಚಿ, ಪಾತ್ರೆಯನ್ನು ಬಿಸಿನೀರಿನ ಮೇಲೆ ತಳ ನೀರಿಗೆ ತಾಗದಂತೆ ಇಟ್ಟು, ಉರಿ ಆರಿಸಿ ಕೈಯಾಡಿಸಿ. ಹಬೆಯಿಂದ ಒಂದು ಹನಿ ನೀರು ಬಿದ್ದರೂ ಚಾಕೊಲೇಟ್ ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಗುತ್ತದೆ. ಚಮಚ, ಅಚ್ಚು, ಕೈ ಎಲ್ಲ ಒಣಗಿರಲಿ. ಅಚ್ಚಿಗೆ ಅರ್ಧ ಸುರಿದು ಹುರಿದ ಕಡಲೆಕಾಯಿ ಬೀಜವನ್ನೋ ಒಂದು ಹುರಿದ ಕಾಫಿ ಬೀಜವನ್ನೋ ಇಟ್ಟು ಉಳಿದರ್ಧ ಸುರಿಯಿರಿ. ಇವೆರಡೂ ದೊಡ್ಡವರ ತುಂಡಿಗೆ ಮಾತ್ರ, ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಫ್ರಿಜ್ಜಿನಲ್ಲಿ ಹದಿನೈದು ನಿಮಿಷ ಸಾಕು. ರಾತ್ರಿಯಿಡೀ ಇಟ್ಟರೆ ಹೊರಗೆ ತೆಗೆದಾಗ ಬೆವರಿ ಮೈಮೇಲೆ ಬಿಳಿ ಮಚ್ಚೆ ಏಳುತ್ತದೆ.

ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ಬಗೆಬಗೆ ತಿಂಡಿ, ಮಾಡುವ ಮನೆಗಳಲ್ಲಿ ಕಿಡಿಯೊ, ಗುಳಿಯೊ ಹೇಗೂ ಡಬ್ಬಿಯಲ್ಲಿರುತ್ತವೆ, ನೂರು ನೂರು ಗ್ರಾಂ ಪೊಟ್ಟಣ ಕಟ್ಟಿ. ನೆವ್ರಿ, ರೋಸ್ ಕುಕ್ಕಿ ಸಾಕ್ಸಿಗೆ ಹೇಳಿಸಿದ್ದಲ್ಲ, ಪುಡಿಯಾಗುತ್ತವೆ. ಕಿಡಿಯೊ ಒಂದಕ್ಕೊಂದು ಅಂಟುತ್ತಿದ್ದರೆ ಪಾಕ ಎಳಸಾಗಿದೆ ಎಂದರ್ಥ. ಸಕ್ಕರೆ ಬೆಳ್ಳಗೆ ಹರಳುಗಟ್ಟಿದ್ದನ್ನಷ್ಟೇ ಕಟ್ಟಿ.

ಮಕ್ಕಳಿಗೆ ಬಣ್ಣದ ಅರಗಿನ ಚನ್ನಪಟ್ಟಣದ ಬುಗುರಿ ಎಂದೂ ಹಳತಾಗದು. ಪ್ಲಾಸ್ಟಿಕ್ ಆಟಿಕೆಯಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಅದು ಕಡ್ಡಾಯ. ಲೈಟ್ ಮಿನುಗುವ ಅಗ್ಗದ ಆಟಿಕೆಗಳಲ್ಲಿ ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಇರುತ್ತದೆ. ಸ್ಕ್ರೂ ಇಲ್ಲದ ಮುಚ್ಚಳವಾದರೆ ಮುಟ್ಟಲೇ ಬೇಡಿ, ಮಗು ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡುತ್ತದೆ. ಪೆನ್ಸಿಲ್, ಕ್ರೆಯಾನ್, ರಬ್ಬರ್, ಶಾರ್ಪ್‌ನರ್‌ಗಳನ್ನು ಸಗಟು ಸ್ಟೇಷನರಿ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ತಂದು ಅಕ್ಕತಂಗಿಯರ ಮನೆಗಳ ನಡುವೆ ಹಂಚಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಇವುಗಳ ಮೇಲೆ ಜಿಎಸ್‌ಟಿ ಇಲ್ಲ, ಚಾಕೊಲೇಟಿಗೆ 18ರಿಂದ ಶೇ. 5ಕ್ಕೆ ಇಳಿದಿದೆ.

ಸ್ವಲ್ಪ ದೊಡ್ಡ ಮಗುವಿನ ಒಂದು ಸಾಕ್ಸಿಗೆ ಅಂದಾಜು ಲೆಕ್ಕ ಹೀಗೆ: ಕಿತ್ತಳೆ 12, ಕಡಲೆ ಮಿಠಾಯಿ 10, ಬುಗುರಿ 40, ಸಣ್ಣ ಕ್ರೆಯಾನ್ ಡಬ್ಬಿ 20, ಕರ್ಚೀಫ್ 20, ಮನೆ ಚಾಕೊಲೇಟ್ ನಾಲ್ಕಕ್ಕೆ 20. ಒಟ್ಟು 122 ರೂಪಾಯಿ. ಸಾಕ್ಸಿನ ದುಡ್ಡು ಬೇರೆ. ನೂರೈವತ್ತರಲ್ಲಿ ಉಳಿದ 28 ರೂಪಾಯಿಗೆ ಇನ್ನೊಂದು ಸಾಮಾನು ತರಬೇಡಿ, ಪೇಟೆಯಲ್ಲಿ ಏನಾದರೊಂದರ ಬೆಲೆ ಏರಿಯೇ ಇರುತ್ತದೆ.

ಅಜ್ಜ ಅಜ್ಜಿಗೆ ವಾರದ ಮಾತ್ರೆ ಡಬ್ಬಿ, ಜಪಸರಕ್ಕೆ ಪುಟ್ಟ ಚೀಲ, ನೋವಿನ ಮುಲಾಮು. ಹರೆಯದ ಹುಡುಗರಿಗೆ ಮಾತ್ರ ಕಷ್ಟ. ಅಗ್ಗದ ಇಯರ್‌ಫೋನ್ ಒಂದು ಕಿವಿಗೆ ಕೇಳಿಸದೆ ತಿಂಗಳಲ್ಲಿ ಮೂಲೆ ಸೇರುತ್ತದೆ. ಅದರ ಬದಲು ಕೈಬರಹದ ಚೀಟಿ ಇಡಿ: ‘ಒಂದು ಭಾನುವಾರ ಹತ್ತು ಗಂಟೆವರೆಗೆ ಎಬ್ಬಿಸುವುದಿಲ್ಲ, ಸಹಿ: ಅಮ್ಮ’. ಜನವರಿ ಕೊನೆ ಎಂದು ಗಡುವು ಬರೆದಿರಲಿ, ಇಲ್ಲದಿದ್ದರೆ ಪರೀಕ್ಷೆಯ ಹಿಂದಿನ ದಿನ ಅದನ್ನೇ ಹಿಡಿದು ಬರುತ್ತಾರೆ!

ತುಂಬಿಸುವಾಗ ತುದಿಗೆ ಕಿತ್ತಳೆ, ಹಿಮ್ಮಡಿಗೆ ಭಾರದ ಪೊಟ್ಟಣ ಇಳಿಸಿ. ಕಾಲಿನ ಉದ್ದಕ್ಕೆ ಕ್ರೆಯಾನ್ ಡಬ್ಬಿ ನಿಲ್ಲಿಸಿ, ಸಂದಿಗಳಿಗೆ ಸುತ್ತಿದ ಕರ್ಚೀಫ್ ತುರುಕಿದರೆ ಸಾಕ್ಸ್ ದುಂಡಗೆ ನಿಲ್ಲುತ್ತದೆ. ಚಾಕೊಲೇಟ್ ಎಲ್ಲಕ್ಕಿಂತ ಮೇಲಿರಲಿ.

ನಮ್ಮ ಮನೆಗಳಲ್ಲಿ ಬೆಂಕಿಗೂಡಿಲ್ಲ, ಕಿಟಕಿ ಸರಳಿಗೋ ಗೋದಲಿಯ ಪಕ್ಕದ ಮೊಳೆಗೋ ಕಟ್ಟುತ್ತೇವೆ. ಅಲ್ಲಿ ಇರುವೆ, ಇಲಿಗಳ ಕಾಟ. ಕಡಲೆ ಮಿಠಾಯಿ ತುಂಬಿಸಿ ಸಂಜೆಯೇ ತೂಗಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಸಾಕ್ಸಿಗೂ ತೂತು ಬಿದ್ದಿರುತ್ತದೆ. 24ರ ರಾತ್ರಿ ಚರ್ಚಿನ ಬಲಿಪೂಜೆಗೆ ಹೊರಡುವಾಗ ಖಾಲಿ ಸಾಕ್ಸ್ ಕಟ್ಟಿ, ತಿಂಡಿಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿರಿ. ವಾಪಸ್ ಬಂದು ಮಕ್ಕಳು ಮಲಗಿದ ಮೇಲೆ ತುಂಬಿಸಿ, ಕಟ್ಟಿದ ದಾರಕ್ಕೆ ಎರಡಿಂಚು ವ್ಯಾಸಲೀನ್ ಸವರಿ. ಕಿಟಕಿಯ ಬಾಗಿಲು ಹಾಕಿರಲಿ, ಮಂಜಿಗೆ ಕಡಲೆ ಮಿಠಾಯಿ ಮೆತ್ತಗಾಗುತ್ತದೆ. ಒಂದೇ ಬಣ್ಣದ ಸಾಕ್ಸುಗಳಾದರೆ ಕುಣಿಕೆಗೆ ಹೆಸರಿನ ಚೀಟಿ ಪಿನ್ ಮಾಡಿ. ನಿದ್ದೆಗಣ್ಣಿನಲ್ಲಿ ಅಜ್ಜನ ಮಾತ್ರೆ ಡಬ್ಬಿ ಮೊಮ್ಮಗನ ಸಾಕ್ಸಿಗೆ ಹೋಗುವುದು ಹೀಗೆಯೇ.